ಎಮಿಲಿ ಡಿಕಿನ್‌ಸನ್: ಪತ್ರವ್ಯವಹಾರ ಮತ್ತು ಪ್ರಕಟಣೆಯ ಪ್ರಶ್ನೆ

೧

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕವಿ ಮತ್ತು ಪ್ರಕಾಶಕರ ಸಂಬಂಧ ಬಹುಮಟ್ಟಿಗೆ ಅಂಚೆಯ ಮೂಲಕ ಏರ್ಪಡುತ್ತಿತ್ತು. ಪ್ರಕಾಶನ ಸಂಸ್ಥೆಗಳು ಬಾಸ್ಟನ್, ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಗರಗಳಲ್ಲಿ ನೆಲೆಗೊಂಡಿದ್ದವು. ಬರೆಯುವವರಲ್ಲಿ ಅನೇಕರು ದೂರದ ಸಣ್ಣ ಊರುಗಳಲ್ಲಿದ್ದರು. ೧೮೫೧ರಲ್ಲಿ ಮುಂಗಡ ಪಾವತಿಯ ಸಾಮಾನ್ಯ ಪತ್ರದ ದರ ಮೂರು ಸೆಂಟ್‌ಗೆ ಇಳಿಯಿತು. ರೈಲುಮಾರ್ಗಗಳು ಒಳನಾಡನ್ನು ತಲುಪಿದವು. ಹಸ್ತಪ್ರತಿಯನ್ನು ಲಕೋಟೆಯಲ್ಲಿಟ್ಟು ಅಪರಿಚಿತ ಸಂಪಾದಕನಿಗೆ ಕಳುಹಿಸುವುದು ಹೊಸ ಬರಹಗಾರರ ವಾಡಿಕೆಯಾಯಿತು. ಆದರೆ ಈ ವ್ಯವಸ್ಥೆ ಕವಿಗಳಿಗೆ ಅಷ್ಟೇನೂ ಅನುಕೂಲಕರವಾಗಿರಲಿಲ್ಲ. ೧೮೯೧ರವರೆಗೆ ಅಮೆರಿಕದಲ್ಲಿ ವಿದೇಶಿ ಲೇಖಕರ ಕೃತಿಗಳಿಗೆ ಹಕ್ಕುಸ್ವಾಮ್ಯದ ರಕ್ಷಣೆ ಇರಲಿಲ್ಲವಾದ್ದರಿಂದ ಇಂಗ್ಲಿಷ್ ಕವಿಗಳ ಕೃತಿಗಳನ್ನು ಗೌರವಧನ ಕೊಡದೆಯೂ ಮರುಮುದ್ರಿಸಬಹುದಿತ್ತು. ಸ್ವದೇಶದ ಹೊಸ ಕವಿಯ ಮೇಲೆ ಹಣ ಹೂಡಲು ಪ್ರಕಾಶಕ ಹಿಂಜರಿಯುತ್ತಿದ್ದ. ಹೀಗಾಗಿ ಪತ್ರಿಕೆಯ ಸಂಪಾದಕನೇ ಕವಿಯ ಮೊದಲ ಓದುಗನೂ ತಿದ್ದುಗಾರನೂ ಶಿಫಾರಸುದಾರನೂ ಆಗಿದ್ದ.

ಈ ವ್ಯವಸ್ಥೆಯೊಳಗೆ ಎಮಿಲಿ ಡಿಕಿನ್‌ಸನ್ನಳ ಸ್ಥಾನ ವಿಶಿಷ್ಟವಾದುದು. ಸುಮಾರು ೧೮೦೦ ಕವಿತೆಗಳನ್ನು ರಚಿಸಿದ ಆಕೆಯ ಜೀವಿತಾವಧಿಯಲ್ಲಿ ಅಚ್ಚಾದುದು ಸುಮಾರು ಹತ್ತು ಮಾತ್ರ. ಅವುಗಳಲ್ಲಿ ಯಾವುದರ ಕೆಳಗೂ ಆಕೆಯ ಹೆಸರಿರಲಿಲ್ಲ. ಮನೆಯಿಂದ ಹೊರಬಾರದ, ಲೋಕಕ್ಕೆ ಅಂಜಿದ ಏಕಾಂತವಾಸಿ ಎಂಬ ಚಿತ್ರ ಆಕೆಯ ಮರಣಾನಂತರ ಪ್ರಚಾರಕ್ಕೆ ಬಂದು, ಅಪ್ರಕಟಿತವಾಗಿ ಉಳಿದುದಕ್ಕೆ ಅದೇ ಕಾರಣವೆಂಬ ಭಾವನೆ ಬಹುಕಾಲ ಉಳಿದುಕೊಂಡಿತು. ಆಕೆ ಸಂಪಾದಕರೊಡನೆಯೂ ಪ್ರಕಾಶಕರೊಡನೆಯೂ ನಡೆಸಿದ ಪತ್ರವ್ಯವಹಾರವನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಈ ಚಿತ್ರ ನಿಲ್ಲುವುದಿಲ್ಲ. ಓದುಗರನ್ನು ಆಕೆ ಎಂದೂ ನಿರಾಕರಿಸಲಿಲ್ಲ. ತನ್ನ ಪಾಠದ ಮೇಲೆ ಇನ್ನೊಬ್ಬರಿಗೆ ದೊರೆಯುವ ಅಧಿಕಾರವನ್ನು ಒಪ್ಪಿಕೊಳ್ಳಲಿಲ್ಲ.

೨

ಎಮಿಲಿ ಎಲಿಜಬೆತ್ ಡಿಕಿನ್‌ಸನ್ ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್‌ನಲ್ಲಿ ೧೮೩೦ರ ಡಿಸೆಂಬರ್ ೧೦ರಂದು ಜನಿಸಿದಳು. ಅಜ್ಜ ಸ್ಯಾಮ್ಯುಯೆಲ್ ಫೌಲರ್ ಡಿಕಿನ್‌ಸನ್ ೧೮೨೧ರಲ್ಲಿ ಆರಂಭವಾದ ಆಮ್‌ಹರ್ಸ್ಟ್ ಕಾಲೇಜಿನ ಸ್ಥಾಪಕರಲ್ಲೊಬ್ಬ. ತಂದೆ ಎಡ್ವರ್ಡ್ ವಕೀಲ. ಆ ಕಾಲೇಜಿನ ಖಜಾಂಚಿ. ೧೮೫೩ರಿಂದ ೧೮೫೫ರವರೆಗೆ ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯ. ೧೮೫೩ರಲ್ಲಿ ಊರಿಗೆ ರೈಲು ಬರಲು ಶ್ರಮಿಸಿದವರಲ್ಲಿ ಪ್ರಮುಖ. ತಾಯಿ ಎಮಿಲಿ ನಾರ್‌ಕ್ರಾಸ್. ಅಣ್ಣ ಆಸ್ಟಿನ್, ತಂಗಿ ಲವಿನಿಯಾ. ಎಮಿಲಿ ಆಮ್‌ಹರ್ಸ್ಟ್ ಅಕಾಡೆಮಿಯಲ್ಲಿ ಓದಿದಳು. ೧೮೪೭-೪೮ರಲ್ಲಿ ಮೌಂಟ್ ಹೋಲಿಯೋಕ್ ಸ್ತ್ರೀ ವಿದ್ಯಾಲಯದಲ್ಲಿ ಒಂದು ವರ್ಷ ಕಳೆದು ಮನೆಗೆ ಮರಳಿದಳು. ತಂದೆಯ ಕಚೇರಿಯಲ್ಲಿ ಕಾನೂನು ಕಲಿಯುತ್ತಿದ್ದ ಬೆಂಜಮಿನ್ ನ್ಯೂಟನ್ ಎಂಬ ತರುಣ ೧೮೫೦ರಲ್ಲಿ ಎಮರ್‌ಸನ್ನನ ಕವನಸಂಗ್ರಹವನ್ನು ಆಕೆಗೆ ಕೊಟ್ಟ. ಬರವಣಿಗೆಯ ಕಡೆಗೆ ಆಕೆಯನ್ನು ಒಲಿಸಿದವರಲ್ಲಿ ಆತ ಮೊದಲಿಗ.

೧೮೫೬ರಲ್ಲಿ ಆಸ್ಟಿನ್ ಎಮಿಲಿಯ ಗೆಳತಿ ಸೂಸನ್ ಗಿಲ್ಬರ್ಟಳನ್ನು ಮದುವೆಯಾಗಿ ಪಕ್ಕದ ಮನೆಯಲ್ಲಿ ಸಂಸಾರ ಹೂಡಿದ. ಎರಡು ಮನೆಗಳ ನಡುವಿನ ಕಾಲುದಾರಿಯಲ್ಲಿ ಚೀಟಿಗಳು, ಕವಿತೆಗಳು ಓಡಾಡಿದವು. ಸೂಸನ್ನಳಿಗೆ ಎಮಿಲಿ ಕಳುಹಿಸಿದ ಕವಿತೆಗಳ ಸಂಖ್ಯೆ ೨೫೦ರಷ್ಟಿದ್ದು, ಬೇರಾವ ಓದುಗರಿಗೂ ಅಷ್ಟು ಕವಿತೆಗಳು ಸಂದಿಲ್ಲ. ೧೮೬೧ರಲ್ಲಿ ಒಂದು ಕವಿತೆಯ ಎರಡನೆಯ ಭಾಗ ಸೂಸನ್ನಳಿಗೆ ಒಪ್ಪಿಗೆಯಾಗಲಿಲ್ಲ. ಎಮಿಲಿ ಅದನ್ನು ಬದಲಿಸಿ ಬೇರೆ ಪಾಠಗಳನ್ನು ಕಳುಹಿಸಿದಳು. ಚರ್ಚೆ ಚೀಟಿಗಳಲ್ಲಿಯೇ ನಡೆಯಿತು. ಸಮರ್ಥ ಓದುಗಳ ಟೀಕೆಯನ್ನು ಆಕೆ ಬಯಸುತ್ತಿದ್ದಳು, ಅದಕ್ಕೆ ಪ್ರತಿಕ್ರಿಯಿಸಿ ತನ್ನ ರಚನೆಯನ್ನು ಪುನಃ ಪರಿಶೀಲಿಸುತ್ತಿದ್ದಳು ಎಂಬುದಕ್ಕೆ ಇದು ಖಚಿತ ಸಾಕ್ಷ್ಯ. ತಿದ್ದುಪಡಿಯ ಬಗೆಗೆ ಆಕೆಗೆ ವಿರೋಧವಿರಲಿಲ್ಲ; ತಿದ್ದುವ ಕೈ ತನ್ನದಾಗಿರಬೇಕೆಂಬ ಹಟವಿತ್ತು.

೩

ಆಕೆಯ ಪರಿಚಯವಲಯದ ಮೊದಲ ಪ್ರಮುಖ ಸಂಪಾದಕ ಸ್ಯಾಮ್ಯುಯೆಲ್ ಬೌಲ್ಸ್. 'ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್' ಪತ್ರಿಕೆಯನ್ನು ನ್ಯೂ ಇಂಗ್ಲೆಂಡಿನ ಪ್ರಭಾವಿ ಪತ್ರಿಕೆಯನ್ನಾಗಿ ಬೆಳೆಸಿದ ಈತ ಆಸ್ಟಿನ್ ದಂಪತಿಗಳ ಆಪ್ತಮಿತ್ರ. ಆ ಪತ್ರಿಕೆಯ ಇನ್ನೊಬ್ಬ ಸಂಪಾದಕ ಜೋಸಾಯ ಗಿಲ್ಬರ್ಟ್ ಹಾಲೆಂಡ್ ಮತ್ತು ಆತನ ಪತ್ನಿ ಎಲಿಜಬೆತ್ ಕೂಡ ಎಮಿಲಿಗೆ ಆತ್ಮೀಯರು. ಬೌಲ್ಸ್‌ಗೆ ಆಕೆ ಬರೆದ ಪತ್ರಗಳೊಡನೆ ಹಲವು ಕವಿತೆಗಳೂ ಸಂದವು. ಹೆಣ್ಣುಮಕ್ಕಳ ಪದ್ಯಗಳನ್ನು 'ರಿಪಬ್ಲಿಕನ್' ಧಾರಾಳವಾಗಿ ಪ್ರಕಟಿಸುತ್ತಿತ್ತು. ಎಮಿಲಿಯ ಕವಿತೆಗಳಲ್ಲಿ ಅಲ್ಲಿ ಬೆಳಕು ಕಂಡವು ಕೆಲವೇ. ೧೮೫೨ರಲ್ಲಿ ಒಂದು ವಿನೋದಪದ್ಯ, ೧೮೬೧ರ ಮೇ ತಿಂಗಳಿನಲ್ಲಿ 'ದಿ ಮೇ-ವೈನ್', ೧೮೬೨ರ ಮಾರ್ಚ್ ತಿಂಗಳಿನಲ್ಲಿ 'ದಿ ಸ್ಲೀಪಿಂಗ್', ೧೮೬೬ರ ಫೆಬ್ರವರಿಯಲ್ಲಿ 'ದಿ ಸ್ನೇಕ್' ಮುಖ್ಯವಾದವು. ಈ ಶೀರ್ಷಿಕೆಗಳನ್ನು ಆಕೆ ಕೊಟ್ಟಿರಲಿಲ್ಲ. ೧೮೬೧ರ ಕವಿತೆಯ ಮೊದಲ ಭಾಗದಲ್ಲಿ ಪೂರ್ಣ ಪ್ರಾಸ ಹೊಂದಿಸುವ ಸಲುವಾಗಿ ಸಾಲುಗಳನ್ನೇ ಬದಲಿಸಲಾಗಿತ್ತು. ಅರೆಪ್ರಾಸದಿಂದ ಅರ್ಥದ ಅಸ್ಥಿರತೆಯನ್ನು ಸೂಚಿಸುವುದು ಆಕೆಯ ಕಾವ್ಯದ ಮೂಲಗುಣ. ಪತ್ರಿಕೆಯ ಕಣ್ಣಿಗೆ ಅದು ಕುಶಲತೆಯ ಕೊರತೆಯಾಗಿ ಕಂಡಿತು.

'ದಿ ಸ್ನೇಕ್' ಪ್ರಸಂಗ ಇನ್ನೂ ಮಹತ್ವದ್ದು. ಮೂರನೆಯ ಸಾಲಿನ ಕೊನೆಗೆ ಪತ್ರಿಕೆ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿ ವಾಕ್ಯವನ್ನು ಅಲ್ಲಿಯೇ ನಿಲ್ಲಿಸಿತು. ಮೂರನೆಯ ಮತ್ತು ನಾಲ್ಕನೆಯ ಸಾಲುಗಳು ಒಂದಾಗಿ ಹರಿಯಬೇಕೆಂಬುದು ಕವಿಯ ಉದ್ದೇಶ. ಕವಿತೆಯನ್ನು ತನ್ನಿಂದ ಕಿತ್ತುಕೊಳ್ಳಲಾಯಿತೆಂದೂ ಚಿಹ್ನೆಯಿಂದಾಗಿ ಸಾಲು ಸೋತಿತೆಂದೂ ಆಕೆ ಹಿಗಿನ್‌ಸನ್‌ಗೆ ಬರೆದು ತಿಳಿಸಿದಳು. ಒಂದು ಚಿಹ್ನೆಗಾಗಿ ಇಷ್ಟು ನೋವು ಪಟ್ಟ ಕವಿ ಪ್ರಕಟಣೆಗೆ ಏಕೆ ಹಿಂಜರಿದಳು ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಈ ದೂರಿನಲ್ಲಿದೆ.

೧೮೬೪ರ ಬೆಳವಣಿಗೆಯನ್ನೂ ಇಲ್ಲಿ ಗಮನಿಸಬೇಕು. ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನೆರವಿಗೆ ನಿಧಿ ಸಂಗ್ರಹಿಸಲು ಬ್ರೂಕ್ಲಿನ್‌ನಲ್ಲಿ ಹೊರಡಿಸಿದ 'ಡ್ರಮ್ ಬೀಟ್' ಪತ್ರಿಕೆಯಲ್ಲಿ ಆಕೆಯ ಮೂರು ಕವಿತೆಗಳು ಅನಾಮಧೇಯವಾಗಿ ಅಚ್ಚಾದವು. ಅದೇ ವರ್ಷ 'ರೌಂಡ್ ಟೇಬಲ್' ಮತ್ತು 'ಬ್ರೂಕ್ಲಿನ್ ಡೈಲಿ ಯೂನಿಯನ್' ಪತ್ರಿಕೆಗಳಲ್ಲಿಯೂ ಕವಿತೆಗಳು ಕಾಣಿಸಿಕೊಂಡವು. ಯುದ್ಧದ ಸದ್ದು ತಲುಪದ ಕೋಣೆಯಲ್ಲಿ ಕುಳಿತವಳು ಎಂಬ ಹಳೆಯ ಗ್ರಹಿಕೆಗೆ ಈ ದಾಖಲೆ ಹೊಂದುವುದಿಲ್ಲ. ಆಕೆಯ ಒಟ್ಟು ಕವಿತೆಗಳಲ್ಲಿ ಅರ್ಧದಷ್ಟು ೧೮೬೧ರಿಂದ ೧೮೬೫ರವರೆಗಿನ ಯುದ್ಧದ ವರ್ಷಗಳಲ್ಲಿಯೇ ರಚಿತವಾದವು.

೪

೧೮೬೨ರ ಏಪ್ರಿಲ್ ಸಂಚಿಕೆಯ 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಥಾಮಸ್ ವೆಂಟ್‌ವರ್ತ್ ಹಿಗಿನ್‌ಸನ್ ಹೊಸ ಬರಹಗಾರರನ್ನು ಉದ್ದೇಶಿಸಿ ಲೇಖನವೊಂದನ್ನು ಬರೆದ. ಹಸ್ತಪ್ರತಿಯನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸುವುದು, ಭಾಷೆಯನ್ನು ಬಿಗಿಗೊಳಿಸುವುದು, ಪ್ರಸಿದ್ಧಿಗೆ ಅವಸರಪಡದಿರುವುದು ಅದರ ವಿಷಯ. ಗುಲಾಮಗಿರಿಯ ವಿರೋಧಿಯೂ ಸ್ತ್ರೀಹಕ್ಕುಗಳ ಪ್ರತಿಪಾದಕನೂ ಆಗಿದ್ದ ಹಿಗಿನ್‌ಸನ್ ಆಗ ವುಸ್ಟರ್‌ನಲ್ಲಿದ್ದ. ಏಪ್ರಿಲ್ ೧೫ರಂದು ಎಮಿಲಿ ಆತನಿಗೆ ಪತ್ರ ಬರೆದು ನಾಲ್ಕು ಕವಿತೆಗಳನ್ನು ಲಗತ್ತಿಸಿದಳು. ತನ್ನ ಪದ್ಯಕ್ಕೆ ಜೀವವಿದೆಯೇ ಎಂಬುದಷ್ಟೇ ಆಕೆಯ ವಿಚಾರಣೆ. ಪತ್ರಕ್ಕೆ ಸಹಿ ಇರಲಿಲ್ಲ. ಹೆಸರನ್ನು ಕಾರ್ಡೊಂದರಲ್ಲಿ ಬರೆದು ಪ್ರತ್ಯೇಕವಾದ ಪುಟ್ಟ ಲಕೋಟೆಯಲ್ಲಿಟ್ಟಿದ್ದಳು. ಕವಿತೆಗಳನ್ನು ಪ್ರಕಟಿಸಬೇಕೆಂದು ಆಕೆ ಕೇಳಲಿಲ್ಲ ಎಂಬುದು ಮುಖ್ಯ.

ಹಿಗಿನ್‌ಸನ್ ಬರೆದ ಉತ್ತರಗಳಲ್ಲಿ ಬಹುಪಾಲು ಉಳಿದಿಲ್ಲ. ಅವುಗಳ ಸಾರವನ್ನು ಎಮಿಲಿಯ ಮರುಪತ್ರಗಳಿಂದಲೇ ಊಹಿಸಬೇಕಾಗಿದೆ. ಛಂದಸ್ಸಿನ ನಡೆ ಕುಂಟುತ್ತದೆ, ಭಾಷೆ ಹಿಡಿತ ತಪ್ಪುತ್ತದೆ ಎಂಬ ಅಭಿಪ್ರಾಯವನ್ನು ಆತ ವ್ಯಕ್ತಪಡಿಸಿ, ಪ್ರಕಟಣೆಯನ್ನು ಮುಂದೂಡುವುದು ಒಳಿತೆಂದು ಸೂಚಿಸಿದಂತೆ ತೋರುತ್ತದೆ. ಪ್ರಕಟಿಸುವ ವಿಚಾರ ತನಗೆ ತೀರ ಅನ್ಯವಾದುದೆಂದು ಎಮಿಲಿ ಜೂನ್ ತಿಂಗಳಿನಲ್ಲಿ ಉತ್ತರಿಸಿದಳು. ಕೀರ್ತಿ ತನ್ನದಾಗಿದ್ದರೆ ತಾನು ಅದರಿಂದ ತಪ್ಪಿಸಿಕೊಳ್ಳಲಾರೆನೆಂದೂ ಸೇರಿಸಿದಳು. ಆ ಚಳಿಗಾಲದಲ್ಲಿ ಇಬ್ಬರು ಪತ್ರಿಕಾ ಸಂಪಾದಕರು ತಮ್ಮ ಮನೆಗೆ ಬಂದು ತನ್ನ ಬರಹಗಳನ್ನು ಕೇಳಿದ್ದರೆಂದು ಏಪ್ರಿಲ್ ತಿಂಗಳ ಪತ್ರದಲ್ಲಿ ಆಗಲೇ ತಿಳಿಸಿದ್ದಳು. ಹಾಗೆಯೇ ತಾನು ಬರವಣಿಗೆಗೆ ಹೊಸಬಳೆಂಬ ಭಾವನೆ ಮೂಡಿಸಿದ್ದಳು. ವಾಸ್ತವವಾಗಿ ಆ ವೇಳೆಗೆ ಆಕೆಯ ಬಳಿ ನೂರಾರು ಕವಿತೆಗಳಿದ್ದವು. ಶಿಷ್ಯೆಯ ವಿನಯ ಆಕೆ ಬಲ್ಲ ಪತ್ರಕಲೆಯ ಒಂದು ವೇಷ. ತನ್ನನ್ನು ವಿದ್ಯಾರ್ಥಿನಿಯೆಂದು ಕರೆದುಕೊಂಡು ಸಹಿ ಹಾಕಿದ ಆಕೆ ಗುರುವಿನ ಸಲಹೆಗಳಲ್ಲಿ ಒಂದನ್ನೂ ಪದ್ಯರಚನೆಯಲ್ಲಿ ಅನುಸರಿಸಲಿಲ್ಲ.

ಆದರೂ ಈ ಸಂಬಂಧವನ್ನು ಸಂಪಾದಕನ ವೈಫಲ್ಯವೆಂದು ಮಾತ್ರ ಬಣ್ಣಿಸುವುದು ನ್ಯಾಯವಲ್ಲ. ೧೮೬೨ರ ಕೊನೆಯಲ್ಲಿ ಹಿಗಿನ್‌ಸನ್ ದಕ್ಷಿಣ ಕ್ಯಾರೊಲಿನಾದಲ್ಲಿ ಬಿಡುಗಡೆಗೊಂಡ ಗುಲಾಮರ ಸೇನಾದಳಕ್ಕೆ ಕರ್ನಲ್ ಆದ, ೧೮೬೩ರಲ್ಲಿ ಗಾಯಗೊಂಡ. ಯುದ್ಧಭೂಮಿಗೂ ಎಮಿಲಿಯ ಪತ್ರ ತಲುಪಿತು. ೧೮೬೪ ಮತ್ತು ೧೮೬೫ರಲ್ಲಿ ಕಣ್ಣಿನ ಚಿಕಿತ್ಸೆಗಾಗಿ ಆಕೆ ಕೇಂಬ್ರಿಜ್‌ನಲ್ಲಿ ತಿಂಗಳುಗಟ್ಟಲೆ ತಂಗಿದ್ದಳು. ಆ ಬಳಿಕ ಆಮ್‌ಹರ್ಸ್ಟ್ ಬಿಟ್ಟು ದೂರ ಹೋಗಲಿಲ್ಲ. ೧೮೭೦ರ ಆಗಸ್ಟ್ ೧೬ರಂದು ಹಿಗಿನ್‌ಸನ್ ಆಕೆಯನ್ನು ಮನೆಯಲ್ಲಿ ಕಂಡ; ೧೮೭೩ರಲ್ಲಿ ಮತ್ತೊಮ್ಮೆ ಭೇಟಿಯಾದ. ಸುಮಾರು ೨೪ ವರ್ಷಗಳ ಅವಧಿಯಲ್ಲಿ ನೂರರಷ್ಟು ಕವಿತೆಗಳು ಆತನಿಗೆ ಸಂದವು. ಆಕೆಯ ಕವಿತೆ ಆತನ ಮಾನದಂಡಗಳಿಗೆ ಒಗ್ಗಲಿಲ್ಲ. ಆದರೂ ಆತ ಉತ್ತರಿಸುವುದನ್ನು ನಿಲ್ಲಿಸಲಿಲ್ಲ, ಬಂದ ಪತ್ರಗಳನ್ನು ಕಾಪಾಡಿಟ್ಟ. ಆತ ತನ್ನ ಪ್ರಾಣ ಉಳಿಸಿದವನೆಂದು ಎಮಿಲಿ ೧೮೬೯ರಲ್ಲಿ ಬರೆದುದರ ಹಿನ್ನೆಲೆ ಇದೇ.

೫

ಅಂಚೆಯ ಈ ವ್ಯವಹಾರಕ್ಕೆ ಸಮಾನಾಂತರವಾಗಿ ಎಮಿಲಿ ತನ್ನ ಕೋಣೆಯಲ್ಲಿ ಇನ್ನೊಂದು ಕೆಲಸ ನಡೆಸಿದ್ದಳು. ಸುಮಾರು ೧೮೫೮ರಿಂದ ೧೮೬೪ರವರೆಗೆ ಕವಿತೆಗಳನ್ನು ಶುದ್ಧಪ್ರತಿ ಮಾಡಿ, ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಅಂಚಿನಲ್ಲಿ ರಂಧ್ರ ಮಾಡಿ ದಾರದಿಂದ ಕಟ್ಟಿದಳು. ಇಂತಹ ೪೦ ಕಟ್ಟುಗಳಲ್ಲಿ ೮೦೦ಕ್ಕೂ ಹೆಚ್ಚು ಕವಿತೆಗಳಿವೆ. ಅವುಗಳ ಅಸ್ತಿತ್ವ ಮನೆಯವರಿಗೂ ಸರಿಯಾಗಿ ತಿಳಿದಿರಲಿಲ್ಲ. ಅನೇಕ ಕವಿತೆಗಳಲ್ಲಿ ಪದವೊಂದರ ಪಕ್ಕದಲ್ಲಿ ಪುಟ್ಟ ಗುರುತು ಹಾಕಿ, ಪುಟದ ಕೊನೆಯಲ್ಲಿ ಪರ್ಯಾಯ ಪದಗಳನ್ನು ಬರೆದಿರುವುದನ್ನು ಕಾಣಬಹುದು. ಒಂದನ್ನು ಆಯ್ದು ಉಳಿದವನ್ನು ಹೊಡೆದುಹಾಕಿಲ್ಲ. ಸಾಮಾನ್ಯವಾಗಿ ಪಾಠಾಂತರಗಳು ಲಿಪಿಕಾರರ ಕೈಯಲ್ಲಿ ಹುಟ್ಟುತ್ತವೆ. ಇಲ್ಲಿ ಕವಿಯೇ ಅವುಗಳನ್ನು ಕೃತಿಯ ಭಾಗವಾಗಿ ಉಳಿಸಿಕೊಂಡಿದ್ದಾಳೆ. ಒಂದೇ ಕವಿತೆ ಸೂಸನ್ನಳಿಗೆ ಒಂದು ರೂಪದಲ್ಲಿ, ಹಿಗಿನ್‌ಸನ್‌ಗೆ ಇನ್ನೊಂದು ರೂಪದಲ್ಲಿ ಹೋದ ನಿದರ್ಶನಗಳೂ ಇವೆ.

ಮುದ್ರಣ ಒಂದೇ ಪಾಠವನ್ನು ಬಯಸುತ್ತದೆ. ಶೀರ್ಷಿಕೆ, ವಿರಾಮಚಿಹ್ನೆ, ಪ್ರಾಸ ಇವು ಅದರ ಶಿಸ್ತು. ಎಮಿಲಿಯ ಕವಿತೆ ಅಡ್ಡಗೆರೆಗಳ ಬಿಡುವಿನಲ್ಲಿ, ಪರ್ಯಾಯ ಪದಗಳ ನಡುವಣ ತೂಗಾಟದಲ್ಲಿ ಉಸಿರಾಡುವಂಥದು. ಪತ್ರದ ಮೂಲಕ ಒಬ್ಬೊಬ್ಬ ಓದುಗರಿಗೆ ಪ್ರತ್ಯೇಕ ಪಾಠವನ್ನು ಕಳುಹಿಸುವುದು ಈ ಕಾವ್ಯಕ್ಕೆ ತಕ್ಕ ಪ್ರಸಾರಕ್ರಮವಾಗಿತ್ತು. ಉಳಿದುಬಂದಿರುವ ಪತ್ರಗಳ ಮೊದಲ ಸಮಗ್ರ ಸಂಪುಟಗಳನ್ನು ಥಾಮಸ್ ಜಾನ್‌ಸನ್ ಮತ್ತು ಥಿಯೊಡೊರಾ ವಾರ್ಡ್ ೧೯೫೮ರಲ್ಲಿ ಹೊರತಂದಾಗ ಅವುಗಳ ಸಂಖ್ಯೆ ೧೦೪೯. ೨೦೨೪ರಲ್ಲಿ ಕ್ರಿಸ್ಟಾನ್ ಮಿಲ್ಲರ್ ಮತ್ತು ಡೋನಲ್ ಮಿಚೆಲ್ ಸಂಪಾದಿಸಿದ ಆವೃತ್ತಿಯಲ್ಲಿ ಅದು ೧೩೦೪ಕ್ಕೆ ಏರಿತು. ಪತ್ರದೊಳಗೆ ಸೇರಿಹೋದ ಕವಿತೆಯನ್ನು ಕವಿತೆಯೆಂದು ಎಣಿಸಬೇಕೆ, ಪತ್ರವೆಂದು ಎಣಿಸಬೇಕೆ ಎಂಬ ಪ್ರಶ್ನೆ ಈ ಏರಿಕೆಯ ಹಿಂದಿರುವ ಕಾರಣಗಳಲ್ಲೊಂದು.

೬

ಪ್ರಕಟಣೆಗೆ ಆಕೆಯನ್ನು ಒಪ್ಪಿಸಲು ನಡೆದ ನಿಜವಾದ ಪ್ರಯತ್ನ ಹೆಲೆನ್ ಹಂಟ್ ಜಾಕ್ಸನ್‌ಳದು. ಆಮ್‌ಹರ್ಸ್ಟ್‌ನಲ್ಲಿಯೇ ೧೮೩೦ರಲ್ಲಿ ಹುಟ್ಟಿದ ಹೆಲೆನ್ ಆಗಿನ ಜನಪ್ರಿಯ ಕವಿಗಳಲ್ಲೊಬ್ಬಳು. ಹಿಗಿನ್‌ಸನ್ ಮೂಲಕ ಎಮಿಲಿಯ ಕವಿತೆಗಳನ್ನು ಅರಿತವಳು. ಎಮಿಲಿ ದೊಡ್ಡ ಕವಿಯೆಂದೂ ತನ್ನ ಕಾಲದ ಜನರಿಗೆ ಕೇಳಿಸುವಂತೆ ಹಾಡದಿರುವುದು ತಪ್ಪೆಂದೂ ೧೮೭೬ರಲ್ಲಿ ನೇರವಾಗಿ ಬರೆದಳು. ಸಮಕಾಲೀನರಲ್ಲಿ ಆಕೆಯ ಮಹತ್ತ್ವವನ್ನು ಇಷ್ಟು ಖಚಿತವಾಗಿ ಗುರುತಿಸಿದವರು ವಿರಳ. ಬಾಸ್ಟನ್ನಿನ ರಾಬರ್ಟ್ಸ್ ಬ್ರದರ್ಸ್ ಸಂಸ್ಥೆ ಲೇಖಕರ ಹೆಸರಿಲ್ಲದ ಗ್ರಂಥಮಾಲೆಯೊಂದನ್ನು ಆಗ ಆರಂಭಿಸಿತ್ತು. ಅದಕ್ಕೆ ಕವಿತೆ ಕೊಡಬೇಕೆಂದು ಹೆಲೆನ್ ಕೇಳಿದಾಗ ಎಮಿಲಿ ತಾನೇ ನಿರಾಕರಿಸಲು ಸಂಕೋಚಪಟ್ಟು, ತನ್ನ ಪರವಾಗಿ ಅದು ಬೇಡವೆಂದು ತಿಳಿಸುವಂತೆ ಹಿಗಿನ್‌ಸನ್ನನನ್ನು ಕೋರಿದಳು. ಹೆಲೆನ್ ಬಿಡಲಿಲ್ಲ. ೧೮೭೮ರಲ್ಲಿ 'ಎ ಮಾಸ್ಕ್ ಆಫ್ ಪೊಯೆಟ್ಸ್' ಎಂಬ ಸಂಕಲನ ಹೊರಬಂದಾಗ ಎಮಿಲಿಯ 'ಸಕ್ಸೆಸ್' ಅದರಲ್ಲಿತ್ತು. ಹಲವರು ಅದನ್ನು ಎಮರ್‌ಸನ್ನನ ರಚನೆಯೆಂದು ತಿಳಿದರು. ಅಲ್ಲಿಯೂ ಕೆಲವು ಪದಗಳು ಬದಲಾಗಿದ್ದವು.

ಈ ಸಂಕಲನದಿಂದ ರಾಬರ್ಟ್ಸ್ ಬ್ರದರ್ಸ್‌ನ ಥಾಮಸ್ ನೈಲ್ಸ್ ಜೊತೆಗೆ ಎಮಿಲಿಯ ಪತ್ರವ್ಯವಹಾರ ಆರಂಭವಾಯಿತು. ಲೂಯಿಸಾ ಮೇ ಆಲ್ಕಾಟ್‌ಳಿಂದ 'ಲಿಟ್ಲ್ ವಿಮೆನ್' ಬರೆಯಿಸಿದ ಚತುರ ಪ್ರಕಾಶಕ ಈತ. ಜಾರ್ಜ್ ಎಲಿಯಟ್‌ಳ ಜೀವನಚರಿತ್ರೆ ಯಾವಾಗ ಬರುವುದೆಂದು ಎಮಿಲಿ ೧೮೮೨ರಲ್ಲಿ ವಿಚಾರಿಸಿದಳು. ಉತ್ತರದಲ್ಲಿ ನೈಲ್ಸ್ ಹೆಲೆನ್‌ಳ ಮಾತನ್ನು ನೆನಪಿಸಿ, ಆಕೆಯ ಕವನಸಂಗ್ರಹವೊಂದು ಬರಬೇಕೆಂಬ ಇಚ್ಛೆಯನ್ನು ಸೂಚಿಸಿದ. ಆಕೆ ಸಮ್ಮತಿಯನ್ನೂ ಕೊಡಲಿಲ್ಲ, ನಿರಾಕರಣೆಯನ್ನೂ ಬರೆಯಲಿಲ್ಲ, ಕವಿತೆಯೊಂದನ್ನು ಕಳುಹಿಸಿದಳು. ೧೮೮೩ರಲ್ಲಿ ಬ್ರಾಂಟೆ ಸಹೋದರಿಯರ ಕವನಗಳ ತನ್ನ ಪ್ರತಿಯನ್ನು ಆತನಿಗೆ ಉಡುಗೊರೆಯಾಗಿ ಕಳುಹಿಸಿದಾಗ ನೈಲ್ಸ್ ಅದನ್ನು ಹಿಂದಿರುಗಿಸಿ, ಅದರ ಬದಲಿಗೆ ಆಕೆಯದೇ ಕವಿತೆಗಳ ಹಸ್ತಪ್ರತಿಯನ್ನು ಕೇಳಿದ. ಮರುಟಪಾಲಿನಲ್ಲಿ ಹೋದದ್ದು ಜೀರುಂಡೆಯನ್ನೂ ಹಿಮವನ್ನೂ ಕುರಿತ ಕವಿತೆಗಳು. ಪ್ರಕಾಶಕನೊಬ್ಬ ತಾನಾಗಿಯೇ ಹಸ್ತಪ್ರತಿ ಬೇಡಿದ ಈ ಘಳಿಗೆಯಲ್ಲಿ ನಲವತ್ತು ಕಟ್ಟುಗಳು ಆಕೆಯ ಕೋಣೆಯಲ್ಲಿಯೇ ಇದ್ದವು. ಆಕೆ ಪ್ರಕಾಶಕನನ್ನೂ ಪತ್ರದ ಒಬ್ಬ ಓದುಗನನ್ನಾಗಿ ಮಾಡಿಕೊಂಡಳು.

ಆ ವರ್ಷಗಳು ಸಾವುಗಳ ಸರಣಿ. ತಂದೆ ೧೮೭೪ರಲ್ಲಿ, ಬೌಲ್ಸ್ ೧೮೭೮ರಲ್ಲಿ, ತಾಯಿ ೧೮೮೨ರಲ್ಲಿ, ಆಸ್ಟಿನ್‌ನ ಕಿರಿಯ ಮಗ ಗಿಲ್ಬರ್ಟ್ ೧೮೮೩ರಲ್ಲಿ ತೀರಿಕೊಂಡರು. ಎಮಿಲಿಯ ನಂತರ ಆಕೆಯ ಕವಿತೆಗಳ ಹೊಣೆ ತನಗಿರಲಿ ಎಂದು ಹೆಲೆನ್ ೧೮೮೪ರಲ್ಲಿ ಕೇಳಿಕೊಂಡಳು. ಆದರೆ ೧೮೮೫ರ ಆಗಸ್ಟ್‌ನಲ್ಲಿ ಆಕೆಯೇ ಮೊದಲು ಅಗಲಿದಳು. ೧೮೮೬ರ ಮೇ ೧೫ರಂದು ಎಮಿಲಿ ನಿಧನಳಾದಳು.

೭

ಅಂದಿನ ರೂಢಿಯಂತೆ ಲವಿನಿಯಾ ಅಕ್ಕನಿಗೆ ಬಂದಿದ್ದ ಪತ್ರಗಳನ್ನು ಸುಟ್ಟಳು. ಇದರಿಂದ ಪತ್ರವ್ಯವಹಾರದ ಒಂದು ಪಕ್ಷ ಬಹುಮಟ್ಟಿಗೆ ನಷ್ಟವಾಯಿತು. ಬಳಿಕ ಕವಿತೆಗಳ ರಾಶಿ ಸಿಕ್ಕಿದಾಗ ಅವನ್ನು ಸುಡದೆ, ಅಚ್ಚುಹಾಕಿಸುವ ಸಂಕಲ್ಪ ಮಾಡಿದಳು. ಮೊದಲು ಸೂಸನ್ನಳನ್ನು ಆಶ್ರಯಿಸಿದಳು. ಅಲ್ಲಿ ಕೆಲಸ ನಿಧಾನವಾದಾಗ ಆಮ್‌ಹರ್ಸ್ಟ್ ಕಾಲೇಜಿನ ಖಗೋಳಶಾಸ್ತ್ರ ಪ್ರಾಧ್ಯಾಪಕನ ಪತ್ನಿ ಮೇಬಲ್ ಲೂಮಿಸ್ ಟಾಡ್‌ಳ ಕಡೆಗೆ ತಿರುಗಿದಳು. ಟಾಡ್ ಪ್ರತಿ ಮಾಡಿದಳು, ಹಿಗಿನ್‌ಸನ್ ಸಹಸಂಪಾದಕನಾದ. ಹಸ್ತಪ್ರತಿಯನ್ನು ಬೇಡಿದ್ದ ನೈಲ್ಸ್ ೧೮೯೦ರಲ್ಲಿ ಅದು ತನ್ನ ಮುಂದೆ ಬಂದಾಗ ಹಿಂಜರಿದ. ಸೌಂದರ್ಯದಷ್ಟೇ ದೋಷಗಳೂ ಎದ್ದುಕಾಣುವ ಈ ಕವಿತೆಗಳನ್ನು ಶಾಶ್ವತಗೊಳಿಸುವುದು ವಿವೇಕವಲ್ಲವೆಂಬುದು ಆತನ ಅಭಿಪ್ರಾಯ. ಮುದ್ರಣಫಲಕಗಳ ವೆಚ್ಚವನ್ನು ಲವಿನಿಯಾ ಭರಿಸುವುದಾದರೆ ೫೦೦ ಪ್ರತಿಗಳನ್ನು ಹೊರತರಲು ಕೊನೆಗೆ ಒಪ್ಪಿದ.

೧೮೯೦ರ ನವೆಂಬರ್ ೧೨ರಂದು ಸಂಗ್ರಹ ಪ್ರಕಟವಾಯಿತು. ಎರಡು ವರ್ಷಗಳೊಳಗೆ ಅದು ಹನ್ನೊಂದು ಮುದ್ರಣಗಳನ್ನು ಕಂಡಿತು. ಓದುಗರು ಕಂಡ ಪಾಠ ಮಾತ್ರ ಆಕೆಯದಾಗಿರಲಿಲ್ಲ. ಸಂಪಾದಕರು ಶೀರ್ಷಿಕೆಗಳನ್ನು ಕೊಟ್ಟಿದ್ದರು, ಅಡ್ಡಗೆರೆಗಳನ್ನು ತೆಗೆದಿದ್ದರು, ಕೆಲವೆಡೆ ಪ್ರಾಸವನ್ನು ಸರಿಪಡಿಸಿದ್ದರು, ಬದುಕು, ಪ್ರೀತಿ, ಪ್ರಕೃತಿ, ಕಾಲ ಮತ್ತು ಅನಂತತೆ ಎಂದು ವಿಭಾಗ ಮಾಡಿದ್ದರು. ಎಮಿಲಿ ೧೮೬೬ರಲ್ಲಿ ಅಂಜಿದ್ದೇ ೧೮೯೦ರಲ್ಲಿ ಸಂಭವಿಸಿತು. ಇನ್ನೊಂದು ಮುಖವೂ ಇದೆ: ಆ ತಿದ್ದಿದ ಸಂಗ್ರಹ ಬಾರದೆ ಹೋಗಿದ್ದರೆ ಕಟ್ಟುಗಳು ಉಳಿಯುತ್ತಿದ್ದವೆಂದು ಹೇಳುವಂತಿಲ್ಲ. ೧೮೯೧ ಮತ್ತು ೧೮೯೬ರಲ್ಲಿ ಇನ್ನೆರಡು ಸಂಗ್ರಹಗಳೂ ೧೮೯೪ರಲ್ಲಿ ಪತ್ರಗಳ ಎರಡು ಸಂಪುಟಗಳೂ ಬಂದವು.

ಜಮೀನೊಂದರ ವಿಷಯವಾಗಿ ಲವಿನಿಯಾ ಮತ್ತು ಟಾಡ್ ನಡುವೆ ೧೮೯೮ರಲ್ಲಿ ನಡೆದ ಮೊಕದ್ದಮೆಯಿಂದ ಹಸ್ತಪ್ರತಿಗಳು ಎರಡು ಮನೆತನಗಳಲ್ಲಿ ಹಂಚಿಹೋದವು. ಒಂದು ಪಾಲನ್ನು ಸೂಸನ್ನಳ ಮಗಳು ಮಾರ್ಥಾ ೧೯೧೪ರಿಂದ ಪ್ರಕಟಿಸತೊಡಗಿದಳು. ಟಾಡ್‌ಳ ಪೆಟ್ಟಿಗೆಯಲ್ಲಿದ್ದ ಕವಿತೆಗಳು ೧೯೪೫ರಲ್ಲಿ ಬೆಳಕು ಕಂಡವು. ಮೊದಲ ಪಾಲು ಹಾರ್ವರ್ಡ್ ವಿಶ್ವವಿದ್ಯಾಲಯವನ್ನೂ ಎರಡನೆಯದು ಆಮ್‌ಹರ್ಸ್ಟ್ ಕಾಲೇಜನ್ನೂ ಸೇರಿದವು. ೧೯೫೫ರಲ್ಲಿ ಜಾನ್‌ಸನ್ ಮೂರು ಸಂಪುಟಗಳಲ್ಲಿ ೧೭೭೫ ಕವಿತೆಗಳನ್ನು ಪಾಠಾಂತರಗಳ ಸಹಿತ ಸಂಪಾದಿಸಿದಾಗ ಅಡ್ಡಗೆರೆಗಳು ಮರಳಿದವು. ರಾಲ್ಫ್ ಫ್ರಾಂಕ್ಲಿನ್ ೧೯೮೧ರಲ್ಲಿ ಕಟ್ಟುಗಳ ಮೂಲಕ್ರಮವನ್ನು ಪುನಾರಚಿಸಿ ಛಾಯಾಪ್ರತಿಗಳೊಡನೆ ಪ್ರಕಟಿಸಿದ. ೧೯೯೮ರ ಆತನ ಆವೃತ್ತಿ ೧೭೮೯ ಕವಿತೆಗಳನ್ನು ಒಳಗೊಂಡಿತು.

ಬೌಲ್ಸ್, ಹಿಗಿನ್‌ಸನ್, ಹೆಲೆನ್ ಮತ್ತು ನೈಲ್ಸ್ ಇವರಲ್ಲಿ ಯಾರೂ ಎಮಿಲಿಯ ಶತ್ರುಗಳಲ್ಲ. ತಮ್ಮ ಕಾಲದ ಅಚ್ಚುಮನೆಗೆ ತಿಳಿದಿದ್ದ ಒಂದೇ ವಿಧಾನದಲ್ಲಿ ಆಕೆಯನ್ನು ಓದುಗರಿಗೆ ತಲುಪಿಸಲು ಬಯಸಿದವರು. ಆಕೆ ಅವರ ಸ್ನೇಹವನ್ನು ಸ್ವೀಕರಿಸಿ ಆ ವಿಧಾನವನ್ನು ಮಾತ್ರ ದೂರವಿಟ್ಟಳು. ಚಿಹ್ನೆಯೊಂದರ ಸ್ಥಾನಕ್ಕಾಗಿ ಆಕೆ ೧೮೬೬ರಲ್ಲಿ ಹೂಡಿದ ತಕರಾರು ಮುದ್ರಣದಲ್ಲಿ ಇತ್ಯರ್ಥವಾಗಲು ೮೯ ವರ್ಷಗಳು ಹಿಡಿದವು.